ನೂರು ಕಿಲೋಮೀಟರ್ ಅಂದರೆ ಎಷ್ಟು ಹೊತ್ತು?

ಓದುಗರ ಪ್ರಶ್ನೆ – ನಮ್ಮ ಉತ್ತರ: ಪ್ರಯಾಣ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ಅಲ್ಲಿಗೆ ಬರುವವರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್ ಆಗುತ್ತೆ ಮೇಡಂ?’ ಅಂತ. ಈ ತಿಂಗಳು ಪತ್ರಿಕೆಗೆ ಬಂದ ಪತ್ರಗಳಲ್ಲೂ ಅದೇ ಜಾಸ್ತಿ. ನಾನು ಮಾತ್ರ ಪ್ರಯಾಣ ಮುಗಿಸಿ ಬಂದವರನ್ನು ಬೇರೆಯದೇ ಕೇಳುತ್ತೇನೆ. ಮನೆ ಬಿಟ್ಟಿದ್ದು ಎಷ್ಟು ಹೊತ್ತಿಗೆ? ಅಲ್ಲಿ ಮನೆ ಬಾಗಿಲು ಮುಟ್ಟಿದ್ದು ಎಷ್ಟು ಹೊತ್ತಿಗೆ? ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಕೆಳಗಿನ ಉತ್ತರಗಳಲ್ಲಿ ನಮ್ಮ ಕಡೆಯ ರಸ್ತೆಗಳಿಗೆ ಹೇಳಿರುವ ಗಂಟೆಗಳು ಬಹುಪಾಲು ಆ ಪುಸ್ತಕದವು.

ಪ್ರಶ್ನೆ: ಬೆಂಗಳೂರು–ಮಂಗಳೂರು ನಡುವೆ ವಿಮಾನದ ದೂರ 300 ಕಿ.ಮೀ. ಅಂತ ಮೊಬೈಲ್ ತೋರಿಸುತ್ತದೆ. ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದಂತೆ. ಹಾಗಾದರೆ 22 ನಿಮಿಷದಲ್ಲಿ ತಲುಪಬೇಕಲ್ವಾ? ಟಿಕೆಟ್‌ನಲ್ಲಿ ಒಂದು ಗಂಟೆಗೂ ಮೇಲೆ ತೋರಿಸುವುದು ಯಾಕೆ?
– ಪದವಿ ವಿದ್ಯಾರ್ಥಿನಿ, ಬೇಲೂರು

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ ತಂಗಿ. ಆದರೆ ಆ 800ರ ವೇಗ ವಿಮಾನಕ್ಕೆ ಸಿಗುವುದು ಮೇಲೆ ಹೋಗಿ ನೆಟ್ಟಗೆ ಹಾರುವಾಗ ಮಾತ್ರ. 300 ಕಿ.ಮೀ. ದಾರಿಯಲ್ಲಿ ಅದಕ್ಕೆ ಪುರುಸೊತ್ತೇ ಇರುವುದಿಲ್ಲ.

ಮೊದಲು ಟಿಕೆಟ್‌ನ ಹೊತ್ತು ಅಂದರೆ ಏನು ಅಂತ ನೋಡೋಣ. ಅದು ಹಾರಾಟದ ಹೊತ್ತಲ್ಲ. ಇಲ್ಲಿ ಬಾಗಿಲು ಮುಚ್ಚಿ ವಿಮಾನ ಜಾಗ ಬಿಟ್ಟು ಕದಲಿದಾಗಿನಿಂದ, ಅಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಪೂರ್ತಿ ಹೊತ್ತು. ದೇವನಹಳ್ಳಿಯಲ್ಲಿ ಎರಡು ರನ್‌ವೇ ಇವೆ. ಒಂದೊಂದೂ 4 ಕಿ.ಮೀ. ಉದ್ದ. ನಿಂತ ಜಾಗದಿಂದ ರನ್‌ವೇ ತುದಿಯವರೆಗೆ ನೆಲದ ಮೇಲೆ ನಿಧಾನವಾಗಿ ಉರುಳಿಕೊಂಡು ಹೋಗಿ, ಮುಂದಿರುವ ವಿಮಾನಗಳು ಏರುವವರೆಗೆ ಕಾಯಬೇಕು. ಬೆಳಗ್ಗೆ, ಸಂಜೆ ದಟ್ಟಣೆಯಲ್ಲಿ ಇದಕ್ಕೇ ಕಾಲು ಗಂಟೆ ಹಿಡಿಯುತ್ತದೆ.

ಏರಿದ ಮೇಲೂ ಒಮ್ಮೆಲೇ ಓಡುವ ಹಾಗಿಲ್ಲ. 10,000 ಅಡಿ ಎತ್ತರ ದಾಟುವವರೆಗೆ ಸಾಮಾನ್ಯವಾಗಿ 250 ನಾಟ್ ವೇಗ ಮೀರುವುದಿಲ್ಲ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಹಾಗಾಗಿ ಅದು ಗಂಟೆಗೆ 463 ಕಿ.ಮೀ. ಆಯಿತು. ಇಳಿಯುವಾಗಲೂ ಅದೇ ಕಟ್ಟುಪಾಡು. ಇಳಿಯಲು ಶುರು ಮಾಡುವುದು ಊರಿಗೆ ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ ಇರುವಾಗಲೇ. ನೀವು ಬೇಲೂರಿನಲ್ಲಿ ನಿಂತು ಮೇಲೆ ನೋಡಿದಾಗ ಮಂಗಳೂರಿನ ವಿಮಾನ ಕಂಡರೆ, ಅದು ಆಗಲೇ ಇಳಿಯುವ ತಯಾರಿಯಲ್ಲಿರುತ್ತದೆ. ಏರುವುದು, ಇಳಿಯುವುದು ಎರಡನ್ನೂ ಕಳೆದರೆ ಪೂರ್ತಿ ವೇಗದಲ್ಲಿ ಹೋಗಲು ಉಳಿಯುವುದು ಕೆಲವೇ ನಿಮಿಷ. ಈ ದಾರಿಯಲ್ಲಿ ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ ವಿಮಾನಗಳೂ ಓಡುತ್ತವೆ. ಅವುಗಳ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಆದರೂ ಒಟ್ಟು ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕಾರಣ ಇಷ್ಟೇ, ದಾರಿ ಚಿಕ್ಕದು.

ದೆಹಲಿಯನ್ನು ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನಿಂದ ದೆಹಲಿಗೆ ನೇರ ಗೆರೆಯಲ್ಲಿ ಸುಮಾರು 1,700 ಕಿ.ಮೀ. ಟಿಕೆಟ್‌ನಲ್ಲಿ ಎರಡು ಮುಕ್ಕಾಲು ಗಂಟೆ ಇರುತ್ತದೆ. ದೂರ ಐದು ಪಾಲಿಗಿಂತ ಜಾಸ್ತಿ, ಹೊತ್ತು ಎರಡೂವರೆ ಪಾಲು ಮಾತ್ರ. ದಾರಿ ಉದ್ದವಾದಷ್ಟೂ ವಿಮಾನಕ್ಕೆ ಕೊಟ್ಟ ದುಡ್ಡು ಸಾರ್ಥಕ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳುತ್ತೇನೆ. ನೇರ ಗೆರೆಯ ದೂರಕ್ಕೂ ರಸ್ತೆಯ ದೂರಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ನೆಲದ ಮೇಲೆ ನಿಂತಿದೆ. ಹಾಸನ–ಬೆಂಗಳೂರು ನೇರ ಗೆರೆಯಲ್ಲಿ ಸುಮಾರು 162 ಕಿ.ಮೀ., ರಸ್ತೆಯಲ್ಲಿ 185. ಏಳನೇ ಒಂದು ಪಾಲು ಹೆಚ್ಚು. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ಕಡೆಯೆಲ್ಲ ಬಯಲು ನೆಲ, ರಸ್ತೆ ನೆಟ್ಟಗೆ ಸಾಗುತ್ತದೆ. ಚಿಕ್ಕಮಗಳೂರು–ಮಂಗಳೂರು ನೋಡಿ. ನೇರ ಗೆರೆಯಲ್ಲಿ 113 ಕಿ.ಮೀ. ಅಷ್ಟೇ. ರಸ್ತೆಯಲ್ಲಿ 150! ಮೂರನೇ ಒಂದು ಪಾಲು ಹೆಚ್ಚು. ಸಾವಿರ ಮೀಟರ್‌ಗೂ ಮೇಲಿರುವ ಊರಿನಿಂದ ಸಮುದ್ರದ ದಡಕ್ಕೆ ಇಳಿಯಬೇಕು. ಅದಕ್ಕೆ ಚಾರ್ಮಾಡಿಯಲ್ಲಿ ರಸ್ತೆ ಬಿಚ್ಚಿಟ್ಟ ಹಗ್ಗದ ಹಾಗೆ ಸುತ್ತಿ ಸುತ್ತಿ ಇಳಿಯುತ್ತದೆ. ಘಾಟಿ ಇರುವ ಕಡೆ ನೇರ ಗೆರೆ ನೋಡಿ ಹೊತ್ತು ಲೆಕ್ಕ ಹಾಕಲೇಬೇಡಿ.

ಪ್ರಶ್ನೆ: ದೆಹಲಿಯಲ್ಲಿರುವ ಮಗನ ಮನೆಗೆ ನಾನು, ನನ್ನ ಹೆಂಡತಿ ಜುಲೈನಲ್ಲಿ ಹೋಗಬೇಕು. ಅವಳಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಮಂಗಳೂರು ಹತ್ತಿರ, ಅಲ್ಲಿಂದಲೇ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಮಗ ಬೆಂಗಳೂರು ಅನ್ನುತ್ತಾನೆ. ಯಾವುದು ಒಳ್ಳೆಯದು?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಸರ್, ಈ ಪ್ರಶ್ನೆಗೆ ತಿಂಗಳು ನೋಡಿ ಉತ್ತರ ಹೇಳಬೇಕಾಗುತ್ತದೆ. ಜನವರಿಯಲ್ಲಿ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಮೊದಲು ಎರಡೂ ದಾರಿಯ ಹೊತ್ತು ಕೂಡಿಸೋಣ. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಬಿ.ಸಿ. ರೋಡ್ ಹಾದು ಮಂಗಳೂರಿಗೆ ಸುಮಾರು 120 ಕಿ.ಮೀ. ವಿಮಾನ ನಿಲ್ದಾಣ ಇರುವುದು ಊರಿನ ಹೊರಗೆ ಬಜ್ಪೆಯ ಗುಡ್ಡದ ಮೇಲೆ. ಬಿ.ಸಿ. ರೋಡಿನಿಂದ ಪೊಳಲಿ, ಕೈಕಂಬ ಕಡೆಯಿಂದ ಹೋದರೆ ಮಂಗಳೂರು ಪೇಟೆಯೊಳಗೆ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಕಾರಿನಲ್ಲಿ 3 ಗಂಟೆ. ನಿಲ್ದಾಣದಲ್ಲಿ 2 ಗಂಟೆ. ನೇರ ವಿಮಾನವಾದರೆ ಹೆಚ್ಚುಕಮ್ಮಿ 3 ಗಂಟೆ. ದೆಹಲಿಯಲ್ಲಿ ಸಾಮಾನು ತೆಗೆದುಕೊಂಡು ಹೊರಬರಲು ಮುಕ್ಕಾಲು ಗಂಟೆ. ಎಲ್ಲ ಸೇರಿ 9 ಗಂಟೆಯೊಳಗೆ ಮುಗಿಯಿತು.

ಬೆಂಗಳೂರು ಕಡೆ ಮೂಡಿಗೆರೆಯಿಂದ ದೇವನಹಳ್ಳಿಗೆ 280 ಕಿ.ಮೀ. ಆಸುಪಾಸು. ಊಟ, ತಿಂಡಿಗೆ ನಿಲ್ಲುವುದೂ ಸೇರಿ 6 ಗಂಟೆ ಇಟ್ಟುಕೊಳ್ಳಿ. ಉಳಿದಿದ್ದೆಲ್ಲ ಸೇರಿಸಿದರೆ ಹನ್ನೊಂದೂವರೆಯಿಂದ ಹನ್ನೆರಡು ಗಂಟೆ.

ಇಷ್ಟು ನೋಡಿದರೆ ಮಂಗಳೂರೇ ಗೆದ್ದಿತು. ಆದರೆ ಮೂರು ವಿಷಯ ಗಮನಿಸಿ. ಮಂಗಳೂರಿನಿಂದ ದೆಹಲಿಗೆ ನೇರ ವಿಮಾನಗಳು ಕಡಿಮೆ. ನೀವು ಹೋಗುವ ದಿನ ಸಿಗದಿದ್ದರೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದು ಇನ್ನೊಂದು ಹತ್ತಬೇಕು. ಅಲ್ಲಿ ಮೂರು ಗಂಟೆ ಹೋದರೆ ಎರಡೂ ದಾರಿ ಒಂದೇ ಆಯಿತು. ಜೊತೆಗೆ ಯಜಮಾನ್ತಿಯವರು ಎರಡು ಸಲ ಹತ್ತಿ ಇಳಿಯಬೇಕು.

ಎರಡನೆಯದು ಚಾರ್ಮಾಡಿ. ಜುಲೈ ಅಂದರೆ ಅಲ್ಲಿ ಜಡಿಮಳೆ. ಹಗಲಲ್ಲೂ ಮಂಜು ಮುಸುಕಿ ಮುಂದಿನ ತಿರುವು ಕಾಣುವುದಿಲ್ಲ. 2019ರ ಆಗಸ್ಟ್ ಮಳೆಗೆ ಗುಡ್ಡ ಜರಿದು ಘಾಟಿ ತಿಂಗಳುಗಟ್ಟಲೆ ಬಂದ್ ಆಗಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಚಾರ್ಮಾಡಿ ಬೇಡ ಅಂತ ಸಕಲೇಶಪುರಕ್ಕೆ ಹೋದರೆ ಅಲ್ಲಿ ಶಿರಾಡಿ. ಅದೂ ಮಳೆಗಾಲದಲ್ಲಿ ನಂಬಿಕೆಯ ದಾರಿ ಅಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದು ವಾಹನಗಳು ಸಾಲುಗಟ್ಟಿ ನಿಂತಿದ್ದವು.

ಮೂರನೆಯದು ಬಜ್ಪೆ ನಿಲ್ದಾಣವೇ. ಗುಡ್ಡದ ತಲೆ ಕಡಿದು ಮಟ್ಟಸ ಮಾಡಿದ ರನ್‌ವೇ ಅದು. ಸುತ್ತಲೂ ಕಣಿವೆ. 1951ರ ಡಿಸೆಂಬರ್ 25ರಂದು ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಶುರುವಾದ ನಿಲ್ದಾಣ. ನಮ್ಮ ಕರಾವಳಿಯವರಿಗೆ ಅದರ ಮೇಲೆ ಇರುವ ಪ್ರೀತಿ ನನಗೂ ಇದೆ. ಆದರೆ ಜೋರು ಮಳೆಯಲ್ಲಿ ಪೈಲಟ್‌ಗೆ ರನ್‌ವೇ ಸರಿಯಾಗಿ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತು ಹಾಕುತ್ತದೆ, ಇಲ್ಲವೇ ಬೇರೆ ಊರಿಗೆ ತಿರುಗುತ್ತದೆ. ಬರಬೇಕಾದ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಹೋದರೆ ನಿಮ್ಮ ವಿಮಾನವೂ ತಡ. ಪೈಲಟ್ ಹಾಗೆ ಮಾಡುವುದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಲೆಕ್ಕ ಮಾತ್ರ ತಪ್ಪುತ್ತದೆ.

ಹಾಗಾಗಿ ಜುಲೈಗೆ ನಿಮ್ಮ ಮಗನ ಮಾತೇ ಸರಿ. ಬೆಂಗಳೂರಿನಿಂದ ದೆಹಲಿಗೆ ದಿನವಿಡೀ ವಿಮಾನಗಳಿವೆ. ಒಂದು ತಪ್ಪಿದರೆ ಇನ್ನೊಂದು ಇರುತ್ತದೆ. ಒಂದೇ ದಿನದಲ್ಲಿ ಹನ್ನೆರಡು ಗಂಟೆ ಅಮ್ಮನವರಿಗೆ ಕಷ್ಟ. ಹಿಂದಿನ ದಿನ ಬೇಲೂರು ಮೇಲೆ ಹಾಸನಕ್ಕೆ ಬಂದು ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದು, ಬೆಳಗ್ಗೆ ತಿಂಡಿ ತಿಂದು ಹೊರಡಿ. ಮಧ್ಯಾಹ್ನ ಎರಡು ಮೂರು ಗಂಟೆಯ ವಿಮಾನ ಹಿಡಿಯಿರಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಬರೆಸಿ. ಕೊನೆಗಳಿಗೆಯಲ್ಲಿ ಕೇಳುವುದಕ್ಕಿಂತ 48 ಗಂಟೆ ಮೊದಲೇ ಗೊತ್ತಿದ್ದರೆ ಅವರಿಗೂ ಅನುಕೂಲ. ನಿಲ್ದಾಣದ ಬಾಗಿಲಿನಿಂದ ವಿಮಾನದವರೆಗೆ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ಹಿರಿಯರು ಸಂಕೋಚಪಟ್ಟು ಕೇಳುವುದೇ ಇಲ್ಲ. ಆಮೇಲೆ ಅಷ್ಟುದ್ದದ ಟರ್ಮಿನಲ್‌ನಲ್ಲಿ ಕಾಲೆಳೆದುಕೊಂಡು ನಡೆಯುತ್ತಾರೆ. ಅದನ್ನು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ದಯವಿಟ್ಟು ಕೇಳಿ ಸರ್.

ಮಳೆ ಕಳೆದು ನವೆಂಬರ್ ನಂತರ ಹೋಗುವುದಾದರೆ, ನೇರ ವಿಮಾನ ಸಿಕ್ಕರೆ, ಕಣ್ಣು ಮುಚ್ಚಿ ಮಂಗಳೂರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೇ ಘಾಟಿ ಇಳಿಯಬಹುದು.

ಪ್ರಶ್ನೆ: ಚಿಕ್ಕಮಗಳೂರಿನಿಂದ ದೆಹಲಿಗೆ ಕಾರಿನಲ್ಲೇ ಹೋದರೆ?
– ಗೆಳೆಯರ ಬಳಗ, ಆಲ್ದೂರು

ಉತ್ತರ: ಎರಡು ಸಾವಿರ ಕಿಲೋಮೀಟರ್‌ಗೂ ಮೇಲೆ. ನಾಲ್ಕು ದಿನ ಇಟ್ಟುಕೊಂಡು, ರಾತ್ರಿ ಮಲಗಿ, ಇಬ್ಬರು ಮೂವರು ಬದಲಾಯಿಸಿ ಓಡಿಸುವುದಾದರೆ ಹೋಗಿ. ಎರಡೇ ದಿನಕ್ಕೆ ಮುಟ್ಟುತ್ತೇವೆ ಅನ್ನುವ ಪಂದ್ಯ ಬೇಡ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಮಂಗಳೂರಿನಿಂದ ಹೋಗುವಾಗ ಟಿಕೆಟ್‌ನಲ್ಲಿ ಎರಡೇ ಗಂಟೆ ಇರುತ್ತದೆ. ಬರುವಾಗ ಐದು ಗಂಟೆ ಹತ್ತಿರ ಆಗುತ್ತದೆ. ಬರುವಾಗ ಸುತ್ತಿ ಬರುತ್ತದೆಯೇ?
– ಗೃಹಿಣಿ, ಕಡೂರು

ಉತ್ತರ: ಇಲ್ಲಮ್ಮಾ, ದಾರಿ ಒಂದೇ. ನೇರ ಗೆರೆಯಲ್ಲಿ ಮಂಗಳೂರು–ದುಬೈ ಸುಮಾರು 2,470 ಕಿ.ಮೀ. ಹಾರಾಟ ಎರಡೂ ಕಡೆ ಮೂರೂವರೆ ಗಂಟೆ ಆಸುಪಾಸು. ಗೊಂದಲ ಆಗುವುದು ಗಡಿಯಾರದಿಂದ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಮಗ ಇಲ್ಲಿಂದ ಬೆಳಗ್ಗೆ 10ಕ್ಕೆ ಹೊರಟ ಅಂದುಕೊಳ್ಳಿ. 3 ಗಂಟೆ 40 ನಿಮಿಷ ಹಾರಿದರೆ ನಮ್ಮ ಮನೆಯ ಗಡಿಯಾರದಲ್ಲಿ 1.40. ಅಲ್ಲಿ ಆಗ 12.10. ಟಿಕೆಟ್‌ನಲ್ಲಿ 10ರಿಂದ 12.10, ಎರಡೇ ಗಂಟೆ ಅನ್ನಿಸುತ್ತದೆ. ಬರುವಾಗ ಅಲ್ಲಿಂದ ಮಧ್ಯಾಹ್ನ 1ಕ್ಕೆ ಹೊರಟು 3 ಗಂಟೆ 20 ನಿಮಿಷ ಹಾರಿದರೆ ಅಲ್ಲಿನ ಗಡಿಯಾರದಲ್ಲಿ 4.20, ನಮ್ಮಲ್ಲಿ 5.50. ಒಂದರಿಂದ ಐದು ಐವತ್ತು ನೋಡಿದರೆ ಐದು ಗಂಟೆ ಹತ್ತಿರ ಕಾಣುತ್ತದೆ. ಹೋಗುವಾಗ ಒಂದೂವರೆ ಗಂಟೆ ಕೂಡಿಸಿ, ಬರುವಾಗ ಕಳೆಯಿರಿ.

ಹೋಗುವುದಕ್ಕಿಂತ ಬರುವುದಕ್ಕೆ ನಾನು 20 ನಿಮಿಷ ಕಡಿಮೆ ಹಾಕಿದ್ದು ಬೇಕೆಂದೇ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಗಾಳಿ ಬೀಸುತ್ತದೆ. ಮನೆಗೆ ಬರುವಾಗ ಆ ಗಾಳಿ ಹಿಂದಿನಿಂದ ತಳ್ಳುತ್ತದೆ. ಹೋಗುವಾಗ ಎದುರಾಗುತ್ತದೆ. ಮಗ ಬೇಗ ತಲುಪಿದೆ ಅಂತ ಫೋನ್ ಮಾಡಿದರೆ ಗಾಬರಿ ಬೇಡ.

ಪ್ರಶ್ನೆ: ಹಾಸನದ ವಿಮಾನ ನಿಲ್ದಾಣ ಶುರುವಾದರೆ ಬೆಂಗಳೂರಿಗೆ ಅರ್ಧ ಗಂಟೆಯಲ್ಲಿ ಹೋಗಬಹುದಲ್ಲವೇ?
– ವ್ಯಾಪಾರಿ, ಹಾಸನ

ಉತ್ತರ: ಗಾಳಿಯಲ್ಲಿ ಅರ್ಧ ಗಂಟೆ, ನಿಜ. ಆದರೆ ನಿಲ್ದಾಣದ ಜಾಗ ಭುವನಹಳ್ಳಿಗೆ ಹೋಗಿ ಒಂದೂವರೆ ಗಂಟೆ ಮೊದಲೇ ಕೂರಬೇಕು. ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್‌ಗೆ ಬರಲು ಇನ್ನೊಂದು ಗಂಟೆ, ಒಂದೂವರೆ ಗಂಟೆ. ಒಟ್ಟು ಕೂಡಿಸಿದರೆ ಮೂರೂವರೆ ನಾಲ್ಕು ಗಂಟೆ. ಹಾಸನ ಬಸ್ ನಿಲ್ದಾಣದಲ್ಲಿ ಬಸ್ ಹತ್ತಿದವರೂ ಅಷ್ಟು ಹೊತ್ತಿಗೆ ಬೆಂಗಳೂರು ಸೇರಿರುತ್ತಾರೆ. 2017ರ ಮಾರ್ಚ್‌ನಿಂದ ಶ್ರವಣಬೆಳಗೊಳದ ಮೇಲೆ ರೈಲೂ ಇದೆ.

ಹಾಗಂತ ನಿಲ್ದಾಣ ಬೇಡ ಅಂತಲ್ಲ. 2007ರಲ್ಲಿ ಶಂಕುಸ್ಥಾಪನೆ ಆದ ಕೆಲಸ ಅದು, ಹಾಸನದವರು ಆಸೆಪಡುವುದು ನ್ಯಾಯ. ಅದರ ಉಪಯೋಗ ಬೆಂಗಳೂರಿಗಲ್ಲ, ಮುಂಬೈ, ಹೈದರಾಬಾದ್, ದೆಹಲಿಗೆ. ಬೆಂಗಳೂರಿಗೆ ಹೋಗದೆ ನೇರ ಅಲ್ಲಿಗೆ ಹಾರುವಂತಾದರೆ ಅರ್ಧ ದಿನ ಉಳಿಯುತ್ತದೆ. ನೀವು ಮನವಿ ಕೊಡುವಾಗ ಅದನ್ನೇ ಕೇಳಿ. ಪಕ್ಕದ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂತು. ತರೀಕೆರೆ, ಅಜ್ಜಂಪುರದವರಿಗೆ ಅದು ಈಗಲೇ ಹತ್ತಿರ. ಅಲ್ಲಿಂದ ಎಲ್ಲಿಗೆಲ್ಲ ವಿಮಾನ ಇದೆ ಅಂತ ಆಗಿನ ವೇಳಾಪಟ್ಟಿ ನೋಡಿಯೇ ಹೊರಡಬೇಕು. ಆಗಾಗ ಬದಲಾಗುತ್ತಿರುತ್ತದೆ.

ಪ್ರಶ್ನೆ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಬರೀ 55 ಕಿ.ಮೀ. ರೈಲಿಗೆ ಎರಡು ಗಂಟೆಗೂ ಜಾಸ್ತಿ ಬೇಕಾ?
– ನಿವೃತ್ತ ಶಿಕ್ಷಕರು, ಆಲೂರು

ಉತ್ತರ: ಬೇಕು ಮೇಷ್ಟ್ರೇ. ಆ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವಷ್ಟು ಇಳಿಜಾರು. ರಸ್ತೆಗೆ ಇದು ಏನೇನೂ ಅಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಉರುಳುವ ರೈಲಿಗೆ ಬಹಳ. ಬ್ರೇಕ್ ಕೈ ಮೀರಬಾರದು ಅಂತ ವೇಗವನ್ನು ಗಂಟೆಗೆ 30 ಕಿ.ಮೀ.ಗೆ ಕಟ್ಟಿಟ್ಟಿದ್ದಾರೆ. ಹತ್ತುವಾಗ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಜೋಡಿಸುತ್ತಾರೆ. ಮಳೆಗಾಲದಲ್ಲಿ ಹಳಿಯ ಮೇಲೆ ಕಲ್ಲು ಬಿದ್ದಿದೆಯೇ ಅಂತ ಹಗಲು ರಾತ್ರಿ ನಡೆದು ನೋಡುವ ಕೆಲಸಗಾರರಿದ್ದಾರೆ. ಆ ಕಗ್ಗಾಡಿನ ಮಳೆಯಲ್ಲಿ ಟಾರ್ಚ್ ಹಿಡಿದು ನಡೆಯುವವರನ್ನು ನೆನೆದರೆ ಎರಡು ಗಂಟೆ ಜಾಸ್ತಿ ಅನ್ನಿಸುವುದಿಲ್ಲ.

1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಮಾರ್ಗ ಇದು. ಬ್ರಾಡ್ ಗೇಜ್ ಮಾಡಲು 1996ರಲ್ಲಿ ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಹಾಸನ, ಮಂಗಳೂರು ನಡುವೆ ಜನರಿಗೆ ಶಿರಾಡಿಯ ಬಸ್ಸೇ ಗತಿಯಾಗಿತ್ತು. ನೀವು ಹಗಲು ರೈಲಿನಲ್ಲಿ ಹೋಗಿ, ಕಿಟಕಿ ಪಕ್ಕ ಕೂತು.

ಪ್ರಶ್ನೆ: ಕೆಲಸಕ್ಕೆ ಸೇರಲು ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ. ಬೆಂಗಳೂರಿನಿಂದ ಬೆಳಗ್ಗೆ 6ಕ್ಕೆ ಕೋಲ್ಕತ್ತಾ ವಿಮಾನ. ಹಾಸನದಿಂದ ಎಷ್ಟು ಹೊತ್ತಿಗೆ ಹೊರಡಲಿ? ಜೊತೆಗೆ ಯಾರೂ ಇಲ್ಲ.
– ನರ್ಸಿಂಗ್ ಮುಗಿಸಿದ ಯುವತಿ, ಹಾಸನ

ಉತ್ತರ: ಮೊದಲು ಕೆಲಸಕ್ಕೆ ಅಭಿನಂದನೆ! ಈಗ ಹಿಂದಿನಿಂದ ಲೆಕ್ಕ ಹಾಕೋಣ. ವಿಮಾನ 6ಕ್ಕೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅಂದರೆ 5ಕ್ಕೆ. ಸಾಮಾನು ಹಾಕಲು ಸಾಲು ಇರುತ್ತದೆ. ಮೊದಲ ಸಲ ಬೇರೆ. ಮೂರೂವರೆಗೆ ಟರ್ಮಿನಲ್ ಬಾಗಿಲಲ್ಲಿರಿ.

ಕಾರಿನಲ್ಲಿ ಹಾಸನದಿಂದ ನಿಲ್ದಾಣಕ್ಕೆ ಸುಮಾರು 210 ಕಿ.ಮೀ., ರಾತ್ರಿ ಹೊತ್ತು 4 ಗಂಟೆ ಹಿಡಿಯುತ್ತದೆ. ನೆಲಮಂಗಲದಲ್ಲಿ ಎಡಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿದರೆ ಗೊರಗುಂಟೆಪಾಳ್ಯ, ಹೆಬ್ಬಾಳ ಎರಡೂ ತಪ್ಪುತ್ತವೆ. ಹಗಲು ಹೊತ್ತು ಹೋಗುವವರಿಗೆ ಇದು ಇನ್ನೂ ಮುಖ್ಯ. ಹಾಸನದಿಂದ ನೆಲಮಂಗಲದವರೆಗೆ ಸರಿಯಾದ ಹೊತ್ತಿಗೆ ಬಂದು, ಹೆಬ್ಬಾಳದಲ್ಲಿ ಸಿಕ್ಕಿಕೊಂಡು ವಿಮಾನ ತಪ್ಪಿಸಿಕೊಂಡವರು ನನ್ನ ಪುಸ್ತಕದಲ್ಲಿದ್ದಾರೆ.

ಆದರೆ ನೀವು ಒಬ್ಬರೇ. ನಡುರಾತ್ರಿ ಗೊತ್ತಿಲ್ಲದ ಕಾರಿಗಿಂತ, ಸಂಜೆ 5 ಗಂಟೆಯ ಸರ್ಕಾರಿ ಬಸ್ಸಿನಲ್ಲಿ ಹೊರಡಿ. ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್. ಅಲ್ಲೇ ಕೆಂಪೇಗೌಡ ಬಸ್ ನಿಲ್ದಾಣದಿಂದ ಕೆಐಎಎಸ್-9 ವಾಯುವಜ್ರ ಬಸ್ ಸಿಗುತ್ತದೆ. ಹನ್ನೊಂದರೊಳಗೆ ವಿಮಾನ ನಿಲ್ದಾಣ. ರಾತ್ರಿಯಿಡೀ ಕಾಯಬೇಕು, ಹೌದು. ಬೆಳಕಿದೆ, ಜನರಿದ್ದಾರೆ, ಸೆಕ್ಯೂರಿಟಿ ಇದೆ, ಹೊರಗೆ ಊಟಕ್ಕೂ ಅಂಗಡಿಗಳಿವೆ. ನಿಮ್ಮ ಅಮ್ಮನಿಗೂ ನಿದ್ದೆ ಬರುತ್ತದೆ.

ಟಿಕೆಟ್‌ನಲ್ಲಿ ಟರ್ಮಿನಲ್ 1 ಅಂತ ಇದೆಯೋ 2 ಅಂತ ಇದೆಯೋ ನೋಡಿ, ಬಸ್ ಹತ್ತುವಾಗಲೇ ಕಂಡಕ್ಟರ್‌ಗೆ ಹೇಳಿ. ಆಧಾರ್‌ನಲ್ಲಿರುವ ಹೆಸರೂ ಟಿಕೆಟ್‌ನಲ್ಲಿರುವ ಹೆಸರೂ ಒಂದೇ ಇರಲಿ. ಇನಿಶಿಯಲ್ ವ್ಯತ್ಯಾಸ ಇದ್ದರೆ ಇವತ್ತೇ ಟಿಕೆಟ್ ಮಾಡಿಸಿದ ಕಡೆ ಹೋಗಿ ಸರಿಪಡಿಸಿಕೊಳ್ಳಿ. ಕತ್ತರಿ, ಚಾಕು ಇದ್ದರೆ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿಗೆ ಹಾಕಿ. ಉಪ್ಪಿನಕಾಯಿ ಬಾಟಲಿಯೂ ಅದರಲ್ಲೇ, ಎರಡು ಕವರ್ ಸುತ್ತಿ.